ಚಕ್ರ ನೆಲ ಬಿಡೋ ಕಥೆ: ನಮ್ಮ ಬೈಕಿನ ಸೆಂಟರ್ ಸ್ಟ್ಯಾಂಡ್ ಎಲ್ಲಿ ಹೋಯ್ತು?

(ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸಣ್ಣದಾಗಿ ತಿದ್ದಿದ್ದೇವೆ.)

ಹೆಲ್ಮೆಟ್ ಒಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳ್ತಾ ಇದ್ದರೆ ದಯವಿಟ್ಟು ಈಗಲೇ ಆಫ್ ಮಾಡಿ, ಮನೆ ತಲುಪಿದ ಮೇಲೆ ಕೇಳಿ. ಇವತ್ತಿನ ವಿಷಯ ಹೇಗಿದ್ದರೂ ನಿಂತಿರೋ ಗಾಡಿಯದ್ದು.

ಬೆಂಗಳೂರಿನ ರಸ್ತೆಯಲ್ಲಿ ನಾವು ಒಬ್ಬರಿಗೊಬ್ಬರು ಒಳ್ಳೆ ಮಾತು ಹೇಳೋದು ಕಡಿಮೆ. ಹಾರ್ನ್ ಹೊಡೀತೀವಿ, ಗುರಾಯಿಸ್ತೀವಿ. ಆದರೆ ಯಾರಾದರೂ ಸೈಡ್ ಸ್ಟ್ಯಾಂಡ್ ಎತ್ತದೆ ಹೋಗ್ತಾ ಇದ್ದರೆ ನೋಡಿ. ಹೆಬ್ಬಾಳ ಫ್ಲೈಓವರ್ ಮೇಲೆ ಹಿಂದಿನಿಂದ ಒಬ್ಬ ಆಟೋದವರು, ಪಕ್ಕದಿಂದ ಡೆಲಿವರಿ ಹುಡುಗ, ಬಸ್ಸಿನ ಕಿಟಕಿಯಿಂದ ಒಬ್ಬರು ಆಂಟಿ, ಎಲ್ಲರೂ ಸೇರಿ "ಸ್ಟ್ಯಾಂಡ್! ಸ್ಟ್ಯಾಂಡ್!" ಅಂತ ಕೂಗ್ತಾರೆ. ಈಗಿನ ಹೊಸ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೆ ಗೇರ್ ಹಾಕಿದ ತಕ್ಷಣ ಇಂಜಿನ್ ಆಫ್ ಆಗೋ ವ್ಯವಸ್ಥೆ ಬಂದಿದೆ. ಇನ್ನೊಂದು ಹತ್ತು ವರ್ಷದಲ್ಲಿ ಆ ಕೂಗೂ ಇರಲ್ಲವೇನೋ.

ಹಾಗೆ ಸದ್ದಿಲ್ಲದೆ ಹೋಗ್ತಾ ಇರೋ ಇನ್ನೊಂದು ವಸ್ತು ಸೆಂಟರ್ ಸ್ಟ್ಯಾಂಡ್. ಕೇಳುಗರೊಬ್ಬರು ವಾಟ್ಸಾಪ್‌ನಲ್ಲಿ ಕೇಳಿದ್ದರು: "ಬೈಕ್ ತಗೊಂಡೆ, ಚೈನ್ ಕ್ಲೀನ್ ಮಾಡೋಕೆ ಹಿಂದಿನ ಚಕ್ರ ತಿರುಗಿಸಬೇಕು, ಸೆಂಟರ್ ಸ್ಟ್ಯಾಂಡೇ ಇಲ್ಲ. ಬೇರೆ ಸ್ಟ್ಯಾಂಡ್ ತಗೋಬೇಕಾ? ಯಾವುದು ತಗೋಬೇಕು?" ಉತ್ತರ ಎರಡು ನಿಮಿಷದ್ದು. ಆದರೆ ಮೊದಲು ಗಾಡಿ ಜೊತೆಗೇ ಬರ್ತಿದ್ದ ವಸ್ತುವನ್ನ ಈಗ ನಾವು ಬೇರೆ ದುಡ್ಡು ಕೊಟ್ಟು ಯಾಕೆ ಕೊಳ್ತಾ ಇದ್ದೀವಿ? ಅದಕ್ಕೆ ಉತ್ತರ ಹುಡುಕ್ತಾ ಹೋದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತೆ.

ಗಾಡಿ ಅಂದ್ರೆ ಎತ್ತಿನ ಗಾಡಿ

ನಾವು ಬೈಕಿಗೂ "ಗಾಡಿ" ಅಂತೀವಿ. "ಗಾಡಿ ಎಲ್ಲಿ ಹಾಕಿದ್ದೀಯ ಮಗಾ?" ಅಂತ ಕೇಳ್ತೀವಿ. ಆ ಹೆಸರು ಬಂದಿದ್ದು ಎತ್ತಿನ ಗಾಡಿಯಿಂದ. ಹೆಸರಿನ ಜೊತೆಗೆ ಒಂದು ಕೆಲಸವೂ ಬಂತು. ಎತ್ತಿನ ಗಾಡಿಗೆ ಆಗಾಗ ಕೀಲೆಣ್ಣೆ ಹಾಕಬೇಕಿತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನ ಕಲಸಿ ಮಾಡ್ತಿದ್ದ ಕಪ್ಪು ಜಿಡ್ಡು ಅದು. ಅದನ್ನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ನೇತುಹಾಕಿಕೊಂಡು ಹೋಗ್ತಿದ್ದರು.

ಕೀಲೆಣ್ಣೆ ಹಾಕಬೇಕಾದರೆ ಏನು ಮಾಡಬೇಕು? ಅಚ್ಚಿನ ಕೆಳಗೆ ಒಂದು ಮರದ ಆಸರೆ ಕೊಟ್ಟು, ಸನ್ನೆ ಹಾಕಿ ಚಕ್ರವನ್ನ ನೆಲದಿಂದ ಎತ್ತಬೇಕು. ಕಡಾಣಿ ತೆಗೆದು, ಚಕ್ರ ಸರಿಸಿ, ಎಣ್ಣೆ ಬಳಿಯಬೇಕು. ಚಕ್ರ ನೆಲ ಬಿಡದೆ ಆ ಕೆಲಸ ಆಗಲ್ಲ. ಅದಕ್ಕೆ ಬೇಕಾಗಿದ್ದ ಮರದ ತುಂಡು, ಸನ್ನೆಗೋಲು ಎಲ್ಲವೂ ರೈತನ ಮನೆಯಲ್ಲೇ ಇರ್ತಿತ್ತು. ಗಾಡಿ ಯಾರದ್ದೋ ಅವರೇ ಅದನ್ನ ಎತ್ತಿ ನೋಡಿಕೊಳ್ತಿದ್ದರು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕುದುರೆ ಲಾಳದ ಮೊಳೆ

ಮೋಟಾರ್ ಸೈಕಲ್ ಹುಟ್ಟಿದ ಕಾಲದಲ್ಲಿ ರಸ್ತೆ ತುಂಬ ಕುದುರೆ ಗಾಡಿಗಳೇ. ಉದುರಿಬಿದ್ದ ಲಾಳದ ಮೊಳೆಗಳು ಟಯರಿಗೆ ಚುಚ್ಚಿಕೊಂಡು ಪಂಕ್ಚರ್ ಆಗೋದು ಮಾಮೂಲಿ. ದಾರಿಯಲ್ಲಿ ಪಂಕ್ಚರ್ ಅಂಗಡಿ ಇಲ್ಲ. ಓಡಿಸೋನೇ ಇಳಿದು, ಚಕ್ರ ಬಿಚ್ಚಿ, ಟ್ಯೂಬ್‌ಗೆ ಪ್ಯಾಚ್ ಹಾಕಿಕೊಂಡು ಮುಂದೆ ಹೋಗಬೇಕು. ಅದಕ್ಕೇ ಆ ಕಾಲದ ಬ್ರಿಟಿಷ್ ಬೈಕುಗಳಲ್ಲಿ ಹಿಂದಿನ ಚಕ್ರದ ಹತ್ತಿರ ಕೀಲು ಇರೋ ರಿಯರ್ ಸ್ಟ್ಯಾಂಡ್ ಇರ್ತಿತ್ತು. ಅದನ್ನ ಕೆಳಗೆ ಬಿಟ್ಟು, ಬೈಕನ್ನ ಹಿಂದಕ್ಕೆ ಎಳೆದರೆ ಇಡೀ ಹಿಂಭಾಗ ಮೇಲೆ ಬರ್ತಿತ್ತು. ಬೇಡದಾಗ ಅದನ್ನ ಮೇಲಕ್ಕೆ ಮಡಚಿ ಮಡ್‌ಗಾರ್ಡಿಗೆ ಕ್ಲಿಪ್ ಹಾಕ್ತಿದ್ದರು. ಎಷ್ಟೋ ಬೈಕುಗಳಲ್ಲಿ ಮುಂದಿನ ಚಕ್ರಕ್ಕೂ ಇಂಥದ್ದೇ ಒಂದು ಇತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರು ಸೈನ್ಯದ ದೊಡ್ಡ ನೆಲೆ. ಯಲಹಂಕದ ವಿಮಾನ ನೆಲೆಯ ಕಥೆ ಶುರುವಾಗೋದೂ ಆ ಯುದ್ಧದ ವರ್ಷಗಳಲ್ಲೇ. ಬ್ರಿಟಿಷ್ ಸೈನ್ಯ ಆಗ ದೊಡ್ಡ ಸಂಖ್ಯೆಯಲ್ಲಿ ಬಳಸಿದ ಬೈಕುಗಳಲ್ಲಿ ಒಂದು ಬಿಎಸ್‌ಎ ಎಂ20. ಅದರಲ್ಲೂ ರಿಯರ್ ಸ್ಟ್ಯಾಂಡೇ ಇತ್ತು. ಸುದ್ದಿ ಒಯ್ಯೋ ಸೈನಿಕ ಎಲ್ಲೋ ಒಂಟಿಯಾಗಿ ಕೆಟ್ಟು ನಿಂತರೆ ತಾನೇ ಚಕ್ರ ಬಿಚ್ಚಿ ಹೊರಡಬೇಕಲ್ಲ, ಅದಕ್ಕೆ.

ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಸ್ಟ್ಯಾಂಡ್ ಹಿಂದಿನಿಂದ ನಡುವಿಗೆ ಬಂತು, ಇಂಜಿನ್ ಕೆಳಗೆ. ಕಾಲಲ್ಲಿ ಒತ್ತಿ, ಕೈಯಲ್ಲಿ ಎಳೆದರೆ ಸಾಕು, ಗಾಡಿ ಎರಡು ಕಾಲಿನ ಮೇಲೆ ಕೂರ್ತಿತ್ತು. ಸೆಂಟರ್ ಸ್ಟ್ಯಾಂಡ್ ಅಂತ ನಾವು ಕರೆಯೋದು ಇದನ್ನೇ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ಬುಲೆಟ್ ನಮ್ಮ ರಸ್ತೆಗೆ ಇಳಿದ ಮೇಲೆ, ಅದನ್ನ ಸೆಂಟರ್ ಸ್ಟ್ಯಾಂಡ್ ಹಾಕೋದು ಊರ ಹುಡುಗರ ಬಲಪರೀಕ್ಷೆಯೇ ಆಗಿಹೋಯ್ತು. ನಿಜ ಹೇಳಬೇಕಂದ್ರೆ ಅದಕ್ಕೆ ತೋಳಿನ ಬಲ ಬೇಡ. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ಸಮ ತಾಗಿವೆಯಾ ನೋಡಿಕೊಂಡು, ಮೈಭಾರ ಪೂರ್ತಿ ಪೆಡಲ್ ಮೇಲೆ ಬಿಟ್ಟರೆ ಸಾಕು. ಕೈ ಬರೀ ದಾರಿ ತೋರಿಸುತ್ತೆ.

ಮೈಸೂರಿನಲ್ಲಿ ಮುಚ್ಚಿಟ್ಟ ಚೈನ್

ಈಗ ನಮ್ಮ ಕಥೆಯ ಮುಖ್ಯ ಊರಿಗೆ ಬರೋಣ. ಮೈಸೂರಿನ ಯಾದವಗಿರಿ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲ ಇತ್ತು. 1961ರಲ್ಲಿ ಬೈಕುಗಳು ಹೊರಗೆ ಬರೋಕೆ ಶುರುವಾದವು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್, ಕೆಲಸ ನಮ್ಮವರದ್ದು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಳೇ ಜಾವಾ 250 ಬಗ್ಗೆ ಮಾತಾಡುವಾಗ ಎಲ್ಲರೂ ಅದರ ಸದ್ದು, ಟ್ಯಾಂಕ್, ಕಿಕ್ಕರೂ ಗೇರೂ ಒಂದೇ ಆಗಿದ್ದ ಆ ಲಿವರ್ ಬಗ್ಗೆ ಹೇಳ್ತಾರೆ. ನಾನು ಹೇಳೋಕೆ ಹೊರಟಿರೋದು ಯಾರೂ ಫೋಟೋ ತೆಗೆಯದ ಮೂರು ವಿಷಯ.

ಒಂದು, ಅದಕ್ಕೆ ಸೆಂಟರ್ ಸ್ಟ್ಯಾಂಡ್ ಇತ್ತು. ಎರಡು, ಅದರ ಚೈನ್ ಪೂರ್ತಿ ಡಬ್ಬಿಯೊಳಗೆ ಮುಚ್ಚಿತ್ತು. ದೂಳು ಹೋಗಲ್ಲ, ಮಳೆ ನೀರು ಬೀಳಲ್ಲ, ಗ್ರೀಸ್ ಹಚ್ಚಿದರೆ ಬಹಳ ದಿನ ಬರ್ತಿತ್ತು. ಮೂರು, ಹಿಂದಿನ ಚಕ್ರ ಬಿಚ್ಚೋಕೆ ಚೈನ್ ಮುಟ್ಟಬೇಕಾಗಿರಲಿಲ್ಲ. ಆಕ್ಸಲ್ ಎಳೆದರೆ ಚಕ್ರ ಹೊರಗೆ ಬರ್ತಿತ್ತು, ಹಲ್ಲುಚಕ್ರವೂ ಚೈನೂ ಅವು ಇದ್ದ ಜಾಗದಲ್ಲೇ ಉಳೀತಿದ್ದವು.

ಈ ಮೂರನ್ನೂ ಸೇರಿಸಿ ನೋಡಿ. ಈ ಗಾಡಿಯನ್ನ ಮಾಲೀಕ ತನ್ನ ಮನೆ ಮುಂದೆ, ಅಂಗಳದಲ್ಲಿ, ಒಂದೆರಡು ಸ್ಪ್ಯಾನರ್ ಇಟ್ಟುಕೊಂಡು ನೋಡಿಕೊಳ್ತಾನೆ ಅಂತ ಲೆಕ್ಕ ಹಾಕಿಯೇ ಅದನ್ನ ಡಿಸೈನ್ ಮಾಡಿದ್ದರು. ಇವತ್ತಿಗೂ ಬೆಂಗಳೂರಲ್ಲಿ ಹಳೇ ಜಾವಾ, ಯೆಜ್ಡಿ ಓಡ್ತಾ ಇವೆ ಅಂದ್ರೆ ಅದಕ್ಕೆ ಅಭಿಮಾನ ಒಂದು ಕಾರಣ. ಬಿಚ್ಚಿ ಜೋಡಿಸೋದು ಸುಲಭ ಅನ್ನೋದು ಅಷ್ಟೇ ದೊಡ್ಡ ಕಾರಣ.

ತುಂಬಿಸಿ, ಮುಚ್ಚಿ, ಮರೆತುಬಿಡಿ

1985ರಲ್ಲಿ ಎರಡು ಗಾಡಿ ಬಂದವು. ಒಂದು ಯಮಹಾ ಆರ್‌ಎಕ್ಸ್ 100, ನಮ್ಮ ಹುಡುಗರ ಕನಸಿನ ಗಾಡಿ. ಇನ್ನೊಂದು ಹೀರೋ ಹೋಂಡಾ ಸಿಡಿ 100. ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನೋ ಅರ್ಥದ ಜಾಹೀರಾತಿನಿಂದ ಹೆಸರಾದದ್ದು ಇದೇ ಸಿಡಿ 100. ಅವರು ಹೇಳಿದ್ದು ಪೆಟ್ರೋಲ್ ಬಗ್ಗೆ, ಮೈಲೇಜ್ ಬಗ್ಗೆ. 1994ರಲ್ಲಿ ಸ್ಪ್ಲೆಂಡರ್ ಬಂತು. ಸಿಡಿ 100ಗೂ ಸ್ಪ್ಲೆಂಡರಿಗೂ ಸೆಂಟರ್ ಸ್ಟ್ಯಾಂಡ್ ಇತ್ತು, ಚೈನ್ ಮೇಲೆ ಪೂರ್ತಿ ಕವರ್ ಇತ್ತು. ಗಾಡಿ ಅಷ್ಟು ಗಟ್ಟಿಯಾಗಿತ್ತಲ್ಲ, ನೋಡಿಕೊಳ್ಳೋದನ್ನ ಜನ ನಿಧಾನಕ್ಕೆ ಮರೆತರು. ಭಾನುವಾರ ಬೆಳಿಗ್ಗೆ ಗಾಡಿ ಒರೆಸೋದು ಉಳೀತು, ಸ್ಪ್ಯಾನರ್ ಹಿಡಿಯೋದು ಹೋಯ್ತು. ಮೂರು ತಿಂಗಳಿಗೊಮ್ಮೆ ಸರ್ವೀಸ್‌ಗೆ ಬಿಟ್ಟರೆ ಮುಗೀತು. ಆ ಗಾಡಿಗಳಿಗೆ ಅದು ನಡೀತಿತ್ತು ಕೂಡ, ಯಾಕಂದ್ರೆ ಚೈನ್ ಕವರ್ ಒಳಗೆ ಬೆಚ್ಚಗಿತ್ತು.

ಪ್ಯಾಡಾಕ್ ಅನ್ನೋ ಪದ

ಇದೇ ಹೊತ್ತಿಗೆ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬೇರೆ ಕಥೆ ನಡೀತಿತ್ತು. ಪ್ಯಾಡಾಕ್ ಅಂದ್ರೆ ಕುದುರೆ ರೇಸಿನಲ್ಲಿ ಓಟಕ್ಕೆ ಮುಂಚೆ ಕುದುರೆಗಳನ್ನ ಸಜ್ಜು ಮಾಡೋ ಆವರಣ. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೋಟಾರ್ ರೇಸ್ ಟ್ರ್ಯಾಕ್ ಶುರುವಾದಾಗ, ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಕುದುರೆ ರೇಸ್. ಹಾಗಾಗಿ ಪದಗಳನ್ನ ಅಲ್ಲಿಂದಲೇ ತಗೊಂಡರು. ಮೊದಮೊದಲು ಡ್ರೈವರ್‌ಗಳನ್ನ ಗುರುತಿಸೋಕೆ ಜಾಕಿಗಳ ಥರ ಬಣ್ಣದ ಬಟ್ಟೆ ಹಾಕಿಸ್ತಿದ್ದರು! ಕುದುರೆ ನಿಲ್ಲಿಸೋ ಜಾಗದ ಹೆಸರು ಮೋಟಾರಿಗೆ ಅಂಟಿಕೊಂಡಿದ್ದು ಹೀಗೆ.

ರೇಸ್ ಬೈಕಿಗೆ ಮೈಮೇಲೆ ಸ್ಟ್ಯಾಂಡ್ ಇರಬಾರದು. ಭಾರ ಹೆಚ್ಚುತ್ತೆ, ತಿರುವಿನಲ್ಲಿ ವಾಲಿದಾಗ ನೆಲಕ್ಕೆ ಉಜ್ಜುತ್ತೆ. ಆದರೆ ಚಕ್ರ ಬದಲಾಯಿಸಬೇಕು, ಟಯರ್ ಬಿಸಿ ಮಾಡೋ ಹೊದಿಕೆ ಹಾಕಬೇಕು, ಚೈನ್ ನೋಡಬೇಕು. ಅದಕ್ಕೆ ಅವರು ಸ್ಟ್ಯಾಂಡನ್ನ ಬೈಕಿನಿಂದ ಬೇರೆ ಮಾಡಿ ಪ್ಯಾಡಾಕ್‌ನಲ್ಲೇ ಇಟ್ಟರು. ಬೈಕ್ ಬಂದಾಗ ಎತ್ತು, ಹೋಗುವಾಗ ಇಳಿಸು. ಇದೇ ಪ್ಯಾಡಾಕ್ ಸ್ಟ್ಯಾಂಡ್. ಇದು ಕೆಲಸ ಮಾಡೋದಕ್ಕೆ ಒಂದು ಷರತ್ತು ಇದೆ: ಬೈಕ್ ಯಾವಾಗಲೂ ವಾಪಸ್ ಬರೋ ಒಂದು ಜಾಗ ಇರಬೇಕು, ಅಲ್ಲಿ ಸ್ಟ್ಯಾಂಡೂ ಇರಬೇಕು, ಎತ್ತೋ ಜನವೂ ಇರಬೇಕು.

2012: ಚೈನ್ ಹೊರಗೆ, ಸ್ಟ್ಯಾಂಡೂ ಹೊರಗೆ

2012ರ ಜನವರಿಯಲ್ಲಿ ಕೆಟಿಎಂ ಡ್ಯೂಕ್ 200 ಭಾರತಕ್ಕೆ ಬಂತು. ಕಾಲೇಜು ಹುಡುಗರ ಕೈಗೆ ಸಿಗೋ ಬೆಲೆಯಲ್ಲಿ ರೇಸ್ ಬೈಕಿನ ಗುಣ. ಅದರಲ್ಲಿ ಸೆಂಟರ್ ಸ್ಟ್ಯಾಂಡ್ ಇಲ್ಲ, ಚೈನಿಗೆ ಪೂರ್ತಿ ಕವರೂ ಇಲ್ಲ. 2017ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಟಿವಿಎಸ್ ಅಪಾಚೆ ಆರ್‌ಆರ್ 310 ಬಂತು. ಅದರಲ್ಲೂ ಅಷ್ಟೇ.

ಯಶವಂತಪುರದಲ್ಲಿ ನನಗೆ ಪರಿಚಯ ಇರೋ ಒಬ್ಬ ಮೆಕ್ಯಾನಿಕ್ ಹತ್ತಿರ ಕೇಳಿದೆ: "ಅಣ್ಣಾ, ಹಳೇ ಡ್ಯೂಕ್‌ಗೆ ಸೆಂಟರ್ ಸ್ಟ್ಯಾಂಡ್ ಹಾಕ್ಸೋಕಾಗಲ್ವಾ?" ಅವರು ಬಗ್ಗಿ ಇಂಜಿನ್ ಕೆಳಗೆ ಕೈ ತೋರಿಸಿದರು. "ಜಾಗ ಎಲ್ಲಿದೆ ಸಾರ್? ಸೈಲೆನ್ಸರ್ ಅಲ್ಲೇ ಕೂತಿದೆ ನೋಡಿ." ನಿಜ. ಮೊದಲ ಡ್ಯೂಕ್ 200ರಲ್ಲಿ ಸೈಲೆನ್ಸರ್ ಇರೋದು ಹೊಟ್ಟೆಯ ಕೆಳಗೆ. ಭಾರವನ್ನ ನೆಲದ ಹತ್ತಿರ, ಬೈಕಿನ ನಡುವೆ ಇಟ್ಟರೆ ತಿರುಗಿಸೋದು ಸಲೀಸು. ಆ ಸಲೀಸಿಗೆ ಸ್ಟ್ಯಾಂಡ್ ತನ್ನ ಜಾಗ ಬಿಟ್ಟುಕೊಟ್ಟಿತು.

ನನಗೆ ಇಲ್ಲಿ ಕಾಣೋ ಸಂಗತಿ ಇದು. ಚೈನ್ ಕವರ್ ಒಳಗೆ ಇದ್ದ ಕಾಲದಲ್ಲಿ, ಅಂದ್ರೆ ಅದನ್ನ ನೋಡಿಕೊಳ್ಳೋ ಅಗತ್ಯ ಕಡಿಮೆ ಇದ್ದಾಗ, ಪ್ರತಿ ಗಾಡಿಗೂ ಚಕ್ರ ಎತ್ತೋ ಸ್ಟ್ಯಾಂಡ್ ಇತ್ತು. ಚೈನ್ ಬಯಲಿಗೆ ಬಂದು, ಐನೂರು ಕಿಲೋಮೀಟರಿಗೊಮ್ಮೆ ನೋಡಬೇಕಾದ ಕಾಲ ಬಂದಾಗ, ಸ್ಟ್ಯಾಂಡ್ ಹೋಯ್ತು. ಇನ್ನೂ ತಮಾಷೆ ಅಂದ್ರೆ ಚೈನೇ ಇಲ್ಲದ ಆಕ್ಟಿವಾಗೆ ಸೆಂಟರ್ ಸ್ಟ್ಯಾಂಡ್ ಇದೆ!

ಕಂಪನಿಗಳು ಮೋಸ ಮಾಡಿದರು ಅಂತ ನಾನು ಹೇಳ್ತಾ ಇಲ್ಲ. ಆ ಬೈಕಿನ ವೇಗ, ಹಗುರ ನಮಗೇ ಬೇಕಿತ್ತು. ಆದರೆ ರೇಸಿನ ಬೈಕ್ ನಮ್ಮ ಮನೆಗೆ ಬಂತು, ರೇಸಿನ ಪ್ಯಾಡಾಕ್ ಬರಲಿಲ್ಲ. ರೈತನ ಹತ್ತಿರ ಇದ್ದ ಸನ್ನೆಗೋಲು ನಮ್ಮ ಹತ್ತಿರ ಇಲ್ಲ. ಅದು ಈಗ ಸರ್ವೀಸ್ ಸೆಂಟರಿನಲ್ಲಿದೆ.

ಬೆರಳಿನ ವಿಷಯ

ಇದು ಬರೀ ಅನುಕೂಲದ ಪ್ರಶ್ನೆ ಆಗಿದ್ದರೆ ಒಂದು ಇಡೀ ಸಂಚಿಕೆ ಮಾಡ್ತಾ ಇರಲಿಲ್ಲ. ಸಡಿಲ ಆಗಿ ಒಣಗಿದ ಚೈನ್ ಬಳ್ಳಾರಿ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಹಲ್ಲು ಬಿಟ್ಟು ಜಾರಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಲಾಕ್ ಆಗಬಹುದು. ಆಮೇಲೆ ಏನಾಗುತ್ತೆ ಅಂತ ವಿವರಿಸಬೇಕಾಗಿಲ್ಲ.

ಇನ್ನೊಂದು ಅಪಾಯ ಮನೆಯಲ್ಲೇ ಇದೆ. ಚಕ್ರ ಕೈಯಲ್ಲಿ ತಿರುಗಿಸೋದು ಬೇಜಾರು ಅಂತ ಕೆಲವರು ಗಾಡಿ ಸ್ಟ್ಯಾಂಡ್ ಮೇಲಿರುವಾಗ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಓಡ್ತಾ ಇರೋ ಚೈನಿಗೆ ಬಟ್ಟೆ ಹಿಡೀತಾರೆ. ರೀಲ್ಸ್‌ನಲ್ಲಿ ಕೂಡ ಇದನ್ನ ನೋಡಿರ್ತೀರಿ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಕೈ ಹೋಗುತ್ತೆ. ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕ ಬೆರಳು ಉಳಿಯೋದು ಕಷ್ಟ. ಹಾಗಾಗಿ ಈ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ: ಇಂಜಿನ್ ಆಫ್, ಕೀ ಜೇಬಿನಲ್ಲಿ, ಗೇರ್ ನ್ಯೂಟ್ರಲ್, ಚಕ್ರ ಕೈಯಲ್ಲಿ.

ಸ್ಟ್ಯಾಂಡ್ ಆರಿಸೋದು ಹೇಗೆ?

ಈಗ ಕೇಳುಗರ ಪ್ರಶ್ನೆಗೆ ಬರೋಣ. ಮೊದಲು ನಿಮ್ಮ ಬೈಕಿನ ಸ್ವಿಂಗ್ ಆರ್ಮ್ ನೋಡಿ. ಹಿಂದಿನ ಚಕ್ರವನ್ನ ಎರಡೂ ಕಡೆ ಹಿಡಿದಿರೋ ಉದ್ದನೆಯ ತೋಳು ಅದು. ಚಕ್ರದ ಆಕ್ಸಲ್ ಹತ್ತಿರ, ಎರಡೂ ಬದಿಯಲ್ಲಿ ಮರೆ ಇರೋ ತೂತು ಇದೆಯಾ? ಇದ್ದರೆ ಅಲ್ಲಿ ಸ್ಪೂಲ್ ಹಾಕಬಹುದು. ನೂಲಿನ ಉಂಡೆಯ ಥರ ಇರೋ ಸಣ್ಣ ಗುಂಡು ತುಂಡು ಅದು, ಬಾಬಿನ್ ಅಂತಲೂ ಕರೀತಾರೆ. ಬೋಲ್ಟ್ ಅಳತೆ ಸಾಮಾನ್ಯವಾಗಿ 6, 8 ಅಥವಾ 10 ಮಿಲಿಮೀಟರ್. ಬೈಕಿನಿಂದ ಬೈಕಿಗೆ ಬದಲಾಗುತ್ತೆ, ಆದ್ದರಿಂದ ನಿಮ್ಮ ಮಾಡೆಲ್‌ನ ಕೈಪಿಡಿ ನೋಡಿಯೇ ತಗೊಳ್ಳಿ. ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತೆ. ಸ್ಪೂಲ್‌ಗೆ ಕವಲಿನ ಥರ ಇರೋ ಸ್ಟ್ಯಾಂಡ್ ಸಿಗುತ್ತೆ. ಸ್ಪೂಲ್ ಆ ಕವಲಿನಲ್ಲಿ ಕೂತರೆ ಪಕ್ಕಕ್ಕೆ ಜಾರಲ್ಲ, ಹಾಗಾಗಿ ಇದೇ ಹೆಚ್ಚು ಭದ್ರ.

ತೂತು ಇಲ್ಲದಿದ್ದರೆ ರಬ್ಬರ್ ಹಾಕಿದ ಚಪ್ಪಟೆ ತೋಳಿನ ಸ್ಟ್ಯಾಂಡ್ ಇದೆ. ಅದು ಸ್ವಿಂಗ್ ಆರ್ಮ್‌ನ ಕೆಳಭಾಗಕ್ಕೆ ಆನಿಕೊಳ್ಳುತ್ತೆ. ಇದು ಬಹುತೇಕ ಬೈಕಿಗೆ ಆಗುತ್ತೆ, ಆದರೆ ಎರಡೂ ಕಡೆ ಸಮ ಕೂತಿದೆಯಾ ಅಂತ ಪ್ರತಿ ಸಲ ನೋಡಬೇಕು. ರಬ್ಬರ್ ಸವೆದಿದ್ದರೆ ಬದಲಾಯಿಸಿ.

ಇನ್ನು ಮೂರನೆಯದು, ಸಣ್ಣ ಸಿಂಗಲ್ ಜ್ಯಾಕ್. ಸೈಡ್ ಸ್ಟ್ಯಾಂಡ್ ಹಾಕಿ, ಇನ್ನೊಂದು ಬದಿಯಲ್ಲಿ ಸ್ವಿಂಗ್ ಆರ್ಮ್ ಕೆಳಗೆ ಕೊಟ್ಟು ಚಕ್ರವನ್ನ ನೆಲದಿಂದ ಸ್ವಲ್ಪ ಎತ್ತೋದು. ಬ್ಯಾಗಿನಲ್ಲಿ ಹಿಡಿಯುತ್ತೆ, ಚೈನ್ ಒರೆಸೋಕೆ ಸಾಕು. ಚಕ್ರ ಬಿಚ್ಚೋ ಕೆಲಸಕ್ಕೆ ಇದನ್ನ ನಂಬಬೇಡಿ.

ಕೊಳ್ಳುವಾಗ ನೋಡಬೇಕಾದ್ದು: ಬುಡ ಅಗಲ ಇರಬೇಕು. ವೆಲ್ಡಿಂಗ್ ಸುತ್ತಲೂ ಬಿಡದೆ ಒಂದೇ ಸಮ ಆಗಿರಬೇಕು. ಅಲ್ಲಲ್ಲಿ ಚುಕ್ಕೆ ಇಟ್ಟಂತೆ ಇದ್ದರೆ ಬೇಡ. ಅಗಲ ಹೆಚ್ಚು ಕಡಿಮೆ ಮಾಡೋ ಪಿನ್ ಅಲ್ಲಾಡಬಾರದು. ನಿಮ್ಮ ಬೈಕಿನ ತೂಕಕ್ಕಿಂತ ಹೆಚ್ಚು ತೂಕಕ್ಕೆ ಅಂತ ಬರೆದಿರಬೇಕು. ನಮ್ಮ ಪಕ್ಕದಲ್ಲೇ ಪೀಣ್ಯ ಇದೆ. ಗೊತ್ತಿರೋ ಫ್ಯಾಬ್ರಿಕೇಶನ್ ಶಾಪ್ ಇದ್ದರೆ ಮಾಡಿಸಿಕೊಳ್ಳಲೂಬಹುದು, ಪೈಪ್ ದಪ್ಪದಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ಕೈ ಹಿಡಿ ಉದ್ದ ಯಾಕೆ ಇರುತ್ತೆ ಗೊತ್ತಾ? ಮತ್ತೆ ಅದೇ ಸನ್ನೆಗೋಲು. ಬೈಕ್ 160 ಕೆ.ಜಿ. ಅಂದುಕೊಳ್ಳಿ. ಸುಮಾರು ಅರ್ಧ, ಅಂದ್ರೆ 80 ಕೆ.ಜಿ. ಹಿಂದಿನ ಚಕ್ರದ ಮೇಲಿದೆ. ಸ್ಟ್ಯಾಂಡಿನ ಗಾಲಿಯಿಂದ ಬೈಕ್ ಕೂರೋ ಜಾಗ 15 ಸೆಂ.ಮೀ., ನಿಮ್ಮ ಕೈ ಇರೋ ಜಾಗ 60 ಸೆಂ.ಮೀ. ಆದರೆ ನೀವು ಒತ್ತಬೇಕಾಗಿದ್ದು ಅದರ ಕಾಲುಭಾಗ, ಸುಮಾರು 20 ಕೆ.ಜಿ. ಒಂದು ನೀರಿನ ಕ್ಯಾನ್ ಎತ್ತೋಷ್ಟು. ಇದರಲ್ಲಿ ಹುಡುಗ ಹುಡುಗಿ ಅನ್ನೋ ಲೆಕ್ಕವೇ ಬರಲ್ಲ.

ಎತ್ತೋದು, ಇಳಿಸೋದು

ಮೊದಲ ಕೆಲವು ಸಲ ಇಬ್ಬರು ಇರಿ. ಸಮತಟ್ಟು ನೆಲ ಬೇಕು. ಬೇಸ್‌ಮೆಂಟಿನ ಇಳಿಜಾರು ಬೇಡ, ನೀರು ಬಿದ್ದ ನುಣುಪು ಟೈಲ್ಸ್ ಬೇಡವೇ ಬೇಡ. ಆಕ್ಸಲ್ ನಟ್ ಬಿಚ್ಚೋದಿದ್ದರೆ ಚಕ್ರ ನೆಲದ ಮೇಲಿರುವಾಗಲೇ ಅದನ್ನ ಸ್ವಲ್ಪ ಸಡಿಲ ಮಾಡಿ. ಮೇಲೆ ಎತ್ತಿದ ಮೇಲೆ ಜೋರಾಗಿ ಎಳೆದರೆ ಬೈಕ್ ಸ್ಟ್ಯಾಂಡಿನಿಂದ ಬೀಳಬಹುದು.

ಹ್ಯಾಂಡಲ್ ನೇರ ಇರಲಿ, ಗೇರ್ ನ್ಯೂಟ್ರಲ್, ಸೈಡ್ ಸ್ಟ್ಯಾಂಡ್ ಕೆಳಗೇ ಇರಲಿ, ಕೈ ತಪ್ಪಿದರೆ ಅದು ಹಿಡಿಯುತ್ತೆ. ಒಬ್ಬರು ಬೈಕನ್ನ ಎಡಗಡೆಯಿಂದ ನೇರ ನಿಲ್ಲಿಸಿ ಹಿಡಿದುಕೊಳ್ಳಿ. ಇನ್ನೊಬ್ಬರು ಹಿಂದಿನಿಂದ ಸ್ಟ್ಯಾಂಡ್ ತಂದು, ಎರಡೂ ಕಡೆ ಕೂತಿದೆಯಾ ಅಂತ ಕಣ್ಣಿಂದ ನೋಡಿ, ಆಮೇಲೆ ಹಿಡಿಯನ್ನ ನಿಧಾನವಾಗಿ ನೆಲದ ಕಡೆ ಒತ್ತಿ. ಬೈಕ್ ಮೇಲೇಳುವಾಗ ಸ್ವಲ್ಪ ಸರಿಯುತ್ತೆ, ಹೆದರಬೇಡಿ, ಹಿಂದೆ ಮುಂದೆ ಜಾಗ ಬಿಟ್ಟಿರಿ. ಮೇಲೆ ಕೂತ ಮೇಲೆ ಮುಂದಿನ ಬ್ರೇಕ್ ಲಿವರನ್ನ ಒಂದು ದಪ್ಪ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಬೈಕ್ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳೋದು ಬೇಡ. ಮಕ್ಕಳನ್ನ ದೂರ ಇಡಿ. ಮುಂದಿನ ಚಕ್ರಕ್ಕೂ ಸ್ಟ್ಯಾಂಡ್ ಇದ್ದರೆ ಯಾವಾಗಲೂ ಹಿಂದಿನದ್ದು ಮೊದಲು ಎತ್ತಬೇಕು, ಕೊನೆಗೆ ಇಳಿಸಬೇಕು.

ಚೈನ್ ಕೆಲಸ ಸರಳ. ಮೆತ್ತನೆ ಬ್ರಷ್, ಚೈನ್ ಕ್ಲೀನರ್, ಹಳೇ ಬನಿಯನ್ ಬಟ್ಟೆ. ಪೆಟ್ರೋಲ್ ಹಾಕಬೇಡಿ. ಚೈನ್ ಕೊಂಡಿಗಳ ನಡುವೆ ಗ್ರೀಸ್ ಹಿಡಿದಿಡೋ ಸಣ್ಣ ರಬ್ಬರ್ ಉಂಗುರಗಳನ್ನ ಅದು ಹಾಳು ಮಾಡುತ್ತೆ, ಬೆಂಕಿಯ ಭಯವೂ ಇದೆ. ಒರೆಸಿ ಒಣಗಿದ ಮೇಲೆ ಚೈನಿನ ಒಳಮೈಗೆ ತೆಳ್ಳಗೆ ಲ್ಯೂಬ್ ಹಾಕಿ, ಕೈಯಲ್ಲಿ ಚಕ್ರ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನ ಒರೆಸಿ. ಚೈನ್ ಎಷ್ಟು ಸಡಿಲ ಇರಬೇಕು ಅನ್ನೋದು ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಇದೆ. ಸೈಡ್ ಸ್ಟ್ಯಾಂಡ್ ಮೇಲೆ ಅಳೀಬೇಕಾ, ಎತ್ತಿ ಅಳೀಬೇಕಾ ಅನ್ನೋದೂ ಅಲ್ಲೇ ಇದೆ.

ಇಳಿಸುವಾಗ ಸ್ಟ್ಯಾಂಡಿನ ಹಿಡಿ ಕೈ ಬಿಟ್ಟು ಮೇಲಕ್ಕೆ ಚಿಮ್ಮದ ಹಾಗೆ ನಿಧಾನವಾಗಿ ಎತ್ತಿ. ಬೈಕನ್ನ ಎಡಗಡೆ ಹಿಡಿದಿರಿ.

ಸ್ಟ್ಯಾಂಡೇ ಇಲ್ಲದಿದ್ದರೆ? ಬೈಕನ್ನ ಒಂದೊಂದು ಗೇಣು ಮುಂದಕ್ಕೆ ತಳ್ಳಿ, ಕಣ್ಣಿಗೆ ಕಾಣೋ ಚೈನ್ ಭಾಗವನ್ನ ಒರೆಸಿ, ಮತ್ತೆ ತಳ್ಳಿ. ಹೊತ್ತು ಹಿಡಿಯುತ್ತೆ, ಆದರೆ ಚೈನಿಗೆ ವ್ಯತ್ಯಾಸ ಗೊತ್ತಾಗಲ್ಲ. ದುಡ್ಡಿಲ್ಲ ಅಂತ ಚೈನ್ ಬಿಡಬೇಡಿ.

ಉತ್ತರ ಬೆಂಗಳೂರಿನ ದೂಳು, ನೀರು

ಐನೂರು ಕಿಲೋಮೀಟರ್ ಅಂದ್ರೆ ಎಷ್ಟು? ಹೆಬ್ಬಾಳದಿಂದ ನಂದಿಬೆಟ್ಟಕ್ಕೆ ಹೋಗಿ ಬಂದರೆ ಸುಮಾರು ನೂರು. ಐದು ಭಾನುವಾರ, ಅಷ್ಟೇ. ವಿಮಾನ ನಿಲ್ದಾಣದ ದಾರಿಯಲ್ಲಿ ಮೆಟ್ರೋ ಕಾಮಗಾರಿಯ ದೂಳಿನಲ್ಲಿ ದಿನಾ ಓಡಾಡೋರು, ಮಳೆಗಾಲದಲ್ಲಿ ಓಡಿಸೋರು ಇನ್ನೂ ಬೇಗ ನೋಡಬೇಕು. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿದ್ದು ನೆನಪಿರಬಹುದು. ಹಾಗೆ ನೀರಲ್ಲಿ ನಿಂತ ಗಾಡಿಯನ್ನ ಸ್ಟಾರ್ಟ್ ಮಾಡೋದಕ್ಕಿಂತ ಮೊದಲು ಚಕ್ರ ಎತ್ತಿ ತಿರುಗಿಸಿ, ಬೇರಿಂಗ್ ಸದ್ದು ಕೇಳಬೇಕು, ಚೈನ್ ಬಿಗಿದುಕೊಂಡಿದೆಯಾ ನೋಡಬೇಕು.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಿತು. ಆದರೆ ಚೈನಿಗೆ ನೀರು ಬೇಕಾಗಿಲ್ಲ. ಒರೆಸಿದ ಎಣ್ಣೆ ಬಟ್ಟೆಯನ್ನ, ಕೊಳೆಯಾದ ಕ್ಲೀನರನ್ನ ಮೋರಿಗೆ ಹಾಕಬೇಡಿ. ನಮ್ಮ ಕಡೆಯ ಮೋರಿಗಳು ಕೆರೆಗೇ ಹೋಗೋದು. ಕೆಳಗೆ ಹಳೇ ರಟ್ಟು ಹಾಸಿಕೊಳ್ಳಿ.

ಕೊನೆಗೆ ಒಂದು ಮಾತು. ಆರ್.ಟಿ. ನಗರದ ಹಳೇ ಬೀದಿಗಳಲ್ಲಿ ಮನೆ ಮುಂದೆ ಸ್ವಲ್ಪ ಜಾಗ ಇದೆ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಪಾರ್ಕಿಂಗ್ ಜಾಗದಲ್ಲಿ ಸ್ಪ್ಯಾನರ್ ತೆಗೆದರೆ ಸೆಕ್ಯೂರಿಟಿ ಬರ್ತಾರೆ. ಎಣ್ಣೆ ಕಲೆ ಆಗುತ್ತೆ ಅನ್ನೋ ಅವರ ಚಿಂತೆ ನ್ಯಾಯವಾದದ್ದೇ. ಆದರೆ ನಮ್ಮ ವಸ್ತುವನ್ನ ನಾವೇ ರಿಪೇರಿ ಮಾಡಿಕೊಳ್ಳೋ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರಲ್ಲಿ ಸೇರಿವೆ. ಕೈಪಿಡಿ, ಬಿಡಿಭಾಗ ಸಿಕ್ಕರೂ ಗಾಡಿ ಎತ್ತೋಕೆ ಆರಡಿ ಸಮತಟ್ಟು ನೆಲ ಇಲ್ಲದಿದ್ದರೆ ಆ ಹಕ್ಕು ಬಳಸೋದು ಎಲ್ಲಿ? ನಿಮ್ಮ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಒಂದು ಸಲ ಕೇಳಿ ನೋಡಿ: ಬೇಸ್‌ಮೆಂಟಿನ ಒಂದು ಮೂಲೆ, ಒಂದು ಲೈಟು, ಎಲ್ಲರಿಗೂ ಸೇರಿ ಒಂದು ಪ್ಯಾಡಾಕ್ ಸ್ಟ್ಯಾಂಡ್. ಒಂದೇ ಬ್ಲಾಕಿನಲ್ಲಿ ಹತ್ತು ಬೈಕಿದ್ದರೆ ಹತ್ತು ಸ್ಟ್ಯಾಂಡ್ ಬೇಕಾಗಿಲ್ಲ. ತೋಳು ಅಗಲ ಮಾಡೋ ಸ್ಟ್ಯಾಂಡ್ ಒಂದಿದ್ದರೆ ಬಹಳಷ್ಟು ಬೈಕಿಗೆ ಆಗುತ್ತೆ, ಎತ್ತೋಕೆ ಬೇಕಾದ ಇನ್ನೊಬ್ಬರೂ ಅಲ್ಲೇ ಸಿಗ್ತಾರೆ.

ನಿಮ್ಮ ಮನೆಯಲ್ಲಿ ಹಳೇ ಜಾವಾ, ಯೆಜ್ಡಿ ಇದ್ದರೆ, ಅದನ್ನ ನೋಡಿಕೊಂಡ ತಾತನೋ ಮಾವನೋ ಇದ್ದರೆ, ಅವರ ಧ್ವನಿಯಲ್ಲೇ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿ. ಅವರು ಚೈನಿಗೆ ಏನು ಹಚ್ಚುತ್ತಿದ್ದರು ಅಂತ ಕೇಳಿ. ಒಳ್ಳೆಯವನ್ನ ಮುಂದೆ ಒಂದು ಸಂಚಿಕೆಯಲ್ಲಿ ಕೇಳಿಸ್ತೀವಿ. ಅಲ್ಲಿವರೆಗೂ ಹುಷಾರಾಗಿ ಓಡಿಸಿ.